ನೀಲಿ ಜಾಕೆಟ್ಟಿನ ಅಸ್ತರು

ಅಲ್ ಕುಸೈಸ್, ದುಬೈ
9 ಫೆಬ್ರುವರಿ 2025

ಅಣ್ಣಾ, ಶರಣು.

ರೊಟ್ಟಿ ಡಬ್ಬಿಯಲ್ಲಿ ಚೀಟಿ ಕಂಡು ಇದೇನು ಹೊಸ ವರಸೆ ಎಂದುಕೊಳ್ಳಬೇಡ. ಫೋನ್ ಮಾಡಿದರೆ ನೀನು ‘ಹೂಂ’ ಎನ್ನುತ್ತೀ, ಅದು ಬಿಟ್ಟರೆ ‘ಮತ್ತೇನು’ ಎನ್ನುತ್ತೀ. ಪ್ಲಾಂಟಿನ ಗೇಟಿನಲ್ಲಿ ಫೋನ್ ಇಸಿದುಕೊಳ್ಳುತ್ತಾರೆ ಎಂಬ ನೆಪ ಬೇರೆ. ಇನ್ನು ಬರೆಯೋಣ. ನಿಮ್ಮ ಕಂಪನಿ ವ್ಯಾನಿನ ಅಲಿಕುಂಞಿಯವರು ಭಾನುವಾರಕ್ಕೆ ಮನೆಗೆ ಬಂದೇ ಬರುತ್ತಾರೆ, ಅವರ ಮನೆ ನಮ್ಮ ಪಕ್ಕದ ಬಿಲ್ಡಿಂಗ್. ಖಾಲಿ ಡಬ್ಬಿ ಬರುವಾಗ ನಿನ್ನ ಉತ್ತರವೂ ಬರಲಿ.

ನನ್ನ ಹುಚ್ಚು ನಿನಗೆ ಗೊತ್ತು, ಹಳೇ ಸಾಮಾನಿನ ಅಂಗಡಿ. ಮನೆ ಖಾಲಿ ಮಾಡಿ ಊರಿಗೆ ಹೋಗುವವರು ಧರ್ಮಕ್ಕೆ ಕೊಟ್ಟುಹೋದ ಬಟ್ಟೆಬರೆ, ಪಾತ್ರೆ ಪಡಗ ಅಲ್ಲಿಗೆ ಬರುತ್ತವೆ. ಪ್ರತಿ ಬುಧವಾರ ಹೋಗುತ್ತೇನೆ. ಶಿವಾನಿಗೆ ನಾಚಿಕೆಯಂತೆ. “ಅಮ್ಮಾ, ಪ್ಲೀಸ್ ಡೋಂಟ್ ಟೆಲ್ ಮೈ ಫ್ರೆಂಡ್ಸ್” ಎನ್ನುತ್ತಾಳೆ. ಹೋದ ವಾರ ಒಂದು ಕೋಟಿನೊಳಗೆ ಮುತ್ತಿನ ಝುಮಕಿ ಸಿಕ್ಕಿದ ಮೇಲೆ ಮಾತ್ರ ಅವಳ ದನಿ ಸ್ವಲ್ಪ ಇಳಿದಿದೆ. ಕೌಂಟರಿನ ಸಫೀನಾಗೆ ತೋರಿಸಿದೆ, “ನೀವೇ ಇಟ್ಕೊಳ್ಳಿ ಅಕ್ಕಾ, ಕೊಟ್ಟವರು ಯಾರೂಂತ ಯಾರಿಗೆ ಗೊತ್ತು” ಅಂದಳು.

ಇದಕ್ಕೂ ವಿದ್ಯೆ ಬೇಕು ಅಣ್ಣಾ. ಗಾಜಿನ ಕಪಾಟಿನ ಕಡೆ ನಾನು ಕಣ್ಣೆತ್ತಿಯೂ ನೋಡುವುದಿಲ್ಲ. ಅಲ್ಲಿರುವುದು ಅಂಗಡಿಯವರಿಗೆ ಬೆಲೆ ಗೊತ್ತಾದ ಮಾಲು. ಕೋಟು, ಜಾಕೆಟ್ಟು ಸಿಕ್ಕರೆ ಮೊದಲು ಕೆಳಗಿನ ಅಂಚು ಹಿಸುಕಿ ನೋಡುತ್ತೇನೆ. ಜೇಬು ಹರಿದಿದ್ದರೆ ಒಳಗಿದ್ದದ್ದು ಅಸ್ತರಿನೊಳಕ್ಕೆ ಜಾರಿ ಅಂಚಿನಲ್ಲಿ ಹೋಗಿ ಕೂತಿರುತ್ತದೆ. ಕೊಟ್ಟವರಿಗೆ ಅದರ ನೆನಪೇ ಇರುವುದಿಲ್ಲ.

ಸಂಕ್ರಮಣ ಕಳೆದು ನೀನು ಬಂದಾಗ ಸಜ್ಜಿ ರೊಟ್ಟಿಯನ್ನೂ ಮುಟ್ಟಲಿಲ್ಲ, ಹೋಳಿಗೆಯನ್ನೂ ಮುಟ್ಟಲಿಲ್ಲ. ಹೊಟ್ಟೆ ಈಗ ಹೇಗಿದೆ? ಇವರೂ ಕೇಳುತ್ತಿದ್ದರು.

ನಿನ್ನ ದಾನೇಶ್ವರಿ

*

ಮದೀನತ್ ಜಾಯೆದ್
15 ಫೆಬ್ರುವರಿ 2025

ದಾನವ್ವ,

ಹೊಟ್ಟೆ ಚೆನ್ನಾಗಿದೆ. ನಿನ್ನ ಯಜಮಾನರು ಓಂಕಾರ ಅವರಿಗೆ ಶರಣು ಹೇಳು.

ನೀನು ಹಳೇ ಕೋಟು ಹಿಸುಕುತ್ತೀಯಲ್ಲ, ನಾನೂ ಒಂದು ಹುಚ್ಚು ಹಿಡಿಸಿಕೊಂಡಿದ್ದೇನೆ. ನನ್ನ ರೂಮಿನ ನಾರ್ಬರ್ಟ್ ಕಾರ್ಕಳದವನು, ಅವನ ಹತ್ತಿರ ಮೆಟಲ್ ಡಿಟೆಕ್ಟರ್ ಇದೆ. ಉದ್ದ ಕೋಲು, ತುದಿಗೆ ತಟ್ಟೆ, ಕಿವಿಗೆ ಹೆಡ್‌ಫೋನು. ಮರಳಿನಲ್ಲಿ ಲೋಹವಿದ್ದರೆ ಕುಂಯ್ ಎನ್ನುತ್ತದೆ. ಮೊದಲು ಅವನು ಸಮುದ್ರದ ದಂಡೆಯಲ್ಲಿ ಜನ ಕಳಕೊಂಡ ಉಂಗುರ ಹುಡುಕಿಕೊಡುತ್ತಿದ್ದನಂತೆ. ಈಗ ಭಾನುವಾರ ಭಾನುವಾರ ನಾನು ಇಸಿದುಕೊಂಡು ಹೋಗುತ್ತೇನೆ. ಊರಾಚೆ ರಸ್ತೆ ತಿರುಗುವಲ್ಲಿ ಜನ ಮಾಂಸ ಸುಡಲು ಬರುವ ಒಂದು ದಿಬ್ಬವಿದೆ, ಅಲ್ಲಿಗೆ.

ಇಲ್ಲಿಯವರೆಗೆ ಸಿಕ್ಕಿದ್ದು: ಬಾಟಲಿ ಮುಚ್ಚಳ ಲೆಕ್ಕವಿಲ್ಲದಷ್ಟು, ಡೇರೆಯ ಗೂಟ ನಾಲ್ಕು, ಇದ್ದಿಲ ಇಕ್ಕಳ, ಯಾರದೋ ಕಾರಿನ ಕೀಲಿ. ನಾರ್ಬರ್ಟ್ ನಗುತ್ತಾನೆ. “ಎಂತ ಮಾರಾಯ್ರೆ, ಇಡೀ ಮರುಭೂಮಿ ಉಂಟು, ನೀವು ಅದೇ ನಾಲ್ಕು ಮಾರು ಜಾಗ ಗುಡಿಸುದು ಎಂತಕ್ಕೆ?” ಎನ್ನುತ್ತಾನೆ. ಅಂಗಡಿಯಲ್ಲಿ ನಿನಗೆ ಎಸಿ ಇದೆ. ಇಲ್ಲಿ ಬೆನ್ನು ಬಗ್ಗಿಸಬೇಕು. ಯಾರ ವಿದ್ಯೆ ದೊಡ್ಡದು ಎಂದು ಆಮೇಲೆ ನೋಡೋಣ.

ಇದರ ಜೊತೆ ನನ್ನ ನೀಲಿ ಜಾಕೆಟ್ಟು ಕಳಿಸಿದ್ದೇನೆ. ಎಡಗಡೆ ಒಳಜೇಬು ಹರಿದಿದೆ, ಹೊಲಿದುಕೊಡು. ಅವಸರವಿಲ್ಲ, ಚಳಿ ಮುಗಿಯಿತು.

ಮುರುಗೆಪ್ಪ

*

ಅಲ್ ಕುಸೈಸ್
9 ಮಾರ್ಚ್ 2025

ಅಣ್ಣಾ,

ಮೂರು ವಾರ ಬರೆಯಲಾಗಲಿಲ್ಲ. ಶಿವಾನಿಯ ಪರೀಕ್ಷೆ, ಆಮೇಲೆ ಮನೆ ತೊಳೆಯುವ ಕೆಲಸ. ಕಪಾಟಿನಲ್ಲಿ ಕೈ ಇಟ್ಟರೆ ಮೈಮೇಲೆ ಬೀಳುವಷ್ಟು ಬಟ್ಟೆ. ಎರಡು ದೊಡ್ಡ ಚೀಲ ತುಂಬಿ ಅದೇ ಅಂಗಡಿಗೆ ಕೊಟ್ಟುಬಂದೆ. ತಂದದ್ದೇ ಆಯಿತು, ಒಮ್ಮೆ ಕೊಡೋಣ ಎನಿಸಿತು. ಸಫೀನಾ ಕೈಮುಗಿದಳು.

ನಿನ್ನ ಜಾಕೆಟ್ಟಿನ ಡೀಸೆಲ್ ವಾಸನೆಗೆ ಬಾಲ್ಕನಿಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಹೊಲಿಯುತ್ತೇನೆ ಬಿಡು. ಚಳಿಗೆ ಇನ್ನೂ ಎಂಟು ತಿಂಗಳಿದೆ. ಹೊಸದೇ ಕೊಡಿಸಿದರೆ ಬೇಡ ಎನ್ನುತ್ತೀಯೇನು? ನಾಲ್ಕು ಜನರ ಮುಂದೆ ನನ್ನಣ್ಣ ಅಂಥ ಚಿಂದಿ ಹಾಕಿಕೊಂಡು ತಿರುಗುವುದು ನನಗೇನೂ ಚೆಂದ ಕಾಣುವುದಿಲ್ಲ.

ಒಂದು ಮಾತು ಕೇಳಲೇ? ನಿಧಿ ಹುಡುಕುವವರು ವಾರಕ್ಕೊಂದು ಜಾಗ ನೋಡುತ್ತಾರೆ. ನೀನು ಒಂದೇ ದಿಬ್ಬಕ್ಕೆ ಗಂಟುಬಿದ್ದಿದ್ದೀ. ಅಲ್ಲಿ ಏನೋ ಇದೆ ಎಂದು ನಿನಗೆ ಗೊತ್ತಿದೆ. ನನ್ನಿಂದ ಮುಚ್ಚಿಡಬೇಡ.

ರಂಜಾನ್ ಎಂದು ಕ್ಯಾಂಪಿನ ಮೆಸ್ ಹಗಲು ತೆರೆಯುತ್ತಾರೋ ಇಲ್ಲವೋ. ಅದಕ್ಕೇ ಈ ಸಲ ರೊಟ್ಟಿ ಹೆಚ್ಚಿಗೆ ಬಡಿದು, ಚಟ್ನಿಯನ್ನೂ ದೊಡ್ಡ ಡಬ್ಬಿಗೇ ತುಂಬಿದ್ದೇನೆ.

ದಾನೇಶ್ವರಿ

*

ಮದೀನತ್ ಜಾಯೆದ್
15 ಮಾರ್ಚ್ 2025

ದಾನವ್ವ,

ರೊಟ್ಟಿ ಮೆತ್ತಗಿದ್ದವು. ಅಗಸಿ ಚಟ್ನಿ ಭಾರೀ ಚೆನ್ನಾಗಿತ್ತು. ಎಲ್ಲ ಮುಗಿಸಿದೆ.

ಇಲ್ಲಿ ಎಲ್ಲರೂ ಉಪವಾಸ. ಹಗಲು ಯಾರೂ ಯಾರನ್ನೂ ಊಟ ಆಯಿತೇ ಎಂದು ಕೇಳುವುದಿಲ್ಲ. ಅದೊಂದು ನೆಮ್ಮದಿ. ಸಂಜೆ ಅಲಿಕುಂಞಿ ಖರ್ಜೂರ, ಹಣ್ಣು ತಂದುಕೊಡುತ್ತಾರೆ, ನಾನೂ ಅವರ ಜೊತೆ ಕೂರುತ್ತೇನೆ.

ದಿಬ್ಬದಲ್ಲಿ ಏನೂ ಇಲ್ಲ. ಗಾಳಿಗೆ ಮರಳು ಸರಿಯುತ್ತದೆ. ಹೋದ ವಾರ ನೆಟ್ಟ ಗುರುತಿನ ಕಡ್ಡಿ ಈ ವಾರ ಮೊಣಕಾಲು ಆಳದಲ್ಲಿತ್ತು. ದಿಬ್ಬವೇ ನಡೆಯುತ್ತದೆ ಎಂದು ನಾರ್ಬರ್ಟ್ ಹೇಳಿದ. ಆ ದಿನದಿಂದ ನನಗೆ ಸಮಾಧಾನವಿಲ್ಲ.

ಮುರುಗೆಪ್ಪ

*

ಅಲ್ ಕುಸೈಸ್
6 ಏಪ್ರಿಲ್ 2025

ಅಣ್ಣಾ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಈಗ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಾನು ಕಳಿಸಿದ್ದು ಅಗಸಿ ಚಟ್ನಿಯಲ್ಲ, ಶೇಂಗಾ ಚಟ್ನಿ. ಡಬ್ಬಿಯ ಮುಚ್ಚಳ ತೆಗೆದವನಿಗೆ ಕಣ್ಣಿಗೇ ಗೊತ್ತಾಗುತ್ತದೆ, ನಾಲಿಗೆಗೆ ಬೇಕಾಗಿಲ್ಲ. ‘ಎಲ್ಲ ಮುಗಿಸಿದೆ’ ಎಂದು ಬರೆಯಲು ನಿನಗೆ ಮನಸ್ಸಾದರೂ ಹೇಗೆ ಬಂತು? ನಸುಕಿಗೆ ಎದ್ದು ಬಡಿದದ್ದು ನಾನು. ಬೇಡವಾದರೆ ಬೇಡ ಎನ್ನು.

ಏನೋ ಸಿಕ್ಕಿದೆ ನಿನಗೆ ಆ ಮರಳಿನಲ್ಲಿ. ನಾರ್ಬರ್ಟನಿಗೂ ಹೇಳಿಲ್ಲ, ನನಗೂ ಹೇಳುತ್ತಿಲ್ಲ. ತಂಗಿಯ ರೊಟ್ಟಿ ರುಚಿಸದಷ್ಟು ದೊಡ್ಡದೇ ಸಿಕ್ಕಿರಬೇಕು. ಈದ್ ರಜೆಯಲ್ಲೂ ಬರಲಿಲ್ಲ. ಶಿವಾನಿ “ಮಾಮಾ ಈಸ್ ಬಿಸಿ ವಿತ್ ಹಿಸ್ ಟ್ರೆಷರ್” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಈ ವಾರ ರೊಟ್ಟಿ ಇಲ್ಲ. ಬರೀ ಪತ್ರ.

ದಾನೇಶ್ವರಿ

*

ಮದೀನತ್ ಜಾಯೆದ್
12 ಏಪ್ರಿಲ್ 2025

ದಾನವ್ವ,

ನನಗೇನೂ ಸಿಕ್ಕಿಲ್ಲ.

ಜಾಕೆಟ್ಟು ಹೊಲಿದಿದ್ದರೆ ಕಳಿಸು. ಹೊಲಿಯದಿದ್ದರೂ ಹಾಗೆಯೇ ಕಳಿಸು. ಅದನ್ನೊಮ್ಮೆ ನೋಡಬೇಕು.

ಮುರುಗೆಪ್ಪ

*

ಅಲ್ ಕುಸೈಸ್
27 ಏಪ್ರಿಲ್ 2025

ಅಣ್ಣಾ,

ಜಾಕೆಟ್ಟು ಎಲ್ಲಿಗೂ ಓಡಿಹೋಗುವುದಿಲ್ಲ. ಅದು ಹಾಳಾಗಿ ಹೋಗಲಿ. ನಿನ್ನ ಜೀವದ ಮಾತು ಮೊದಲು.

ನಿನ್ನೆ ಅಲಿಕುಂಞಿಯವರು ಡಬ್ಬಿ ಕೊಡಲು ಬಂದವರು ಬಾಗಿಲಲ್ಲೇ ನಿಂತರು. “ಅಕ್ಕಾ, ಬೇಜಾರು ಮಾಡ್ಬೇಡಿ. ನಿಮ್ಮ ರೊಟ್ಟಿ ಎಲ್ಲ ಇಷ್ಟು ದಿನ ತಿಂದದ್ದು ನಾವು. ನಿಮ್ಮಣ್ಣ ಅನ್ನ, ರೊಟ್ಟಿ ಮುಟ್ಟದೆ ಮೂರು ತಿಂಗಳು ದಾಟಿತು. ಹಾಲು, ಹಣ್ಣು, ಖರ್ಜೂರ, ಅಷ್ಟೇ. ಮೊನ್ನೆ ಟ್ಯಾಂಕಿನ ಮೆಟ್ಟಿಲಲ್ಲಿ ತಲೆ ತಿರುಗಿ ಬಿದ್ದದ್ದು ನಿಮಗೆ ಹೇಳ್ಲೇ ಇಲ್ವಾ?” ಅಂದರು.

ಮೆಟ್ಟಿಲ ಕಟಾಂಜನಕ್ಕೆ ಸಿಕ್ಕಿಕೊಂಡೆಯಂತೆ, ಇಲ್ಲದಿದ್ದರೆ ಕೆಳಗೆ ಕಾಂಕ್ರೀಟು. ಕ್ಲಿನಿಕ್ಕಿನಲ್ಲಿ ಎರಡು ಬಾಟಲಿ ಹಚ್ಚಿ ಕಳಿಸಿದ ಮರುದಿನವೇ ಮತ್ತೆ ಯಂತ್ರ ಹೆಗಲಿಗೇರಿಸಿ ದಿಬ್ಬಕ್ಕೆ ಹೋದೆಯಂತೆ. ಈ ಬಿಸಿಲಿನಲ್ಲಿ!

ನಾನು ತಪ್ಪು ತಿಳಿದೆ ಅಣ್ಣಾ, ಹಾಗೆಲ್ಲ ಬರೆಯಬಾರದಿತ್ತು. ನೀನು ಏನೋ ಸಿಕ್ಕವನ ಹಾಗಲ್ಲ, ಏನೋ ಕಳಕೊಂಡವನ ಹಾಗೆ ಹುಡುಕುತ್ತಿದ್ದೀ. ಏನು ಅದು? ಅವ್ವನ ಆಣೆ, ಹೇಳು. ಹೇಳದಿದ್ದರೆ ಮುಂದಿನ ವಾರ ವ್ಯಾನ್ ಹತ್ತಿ ನಾನೇ ಬರುತ್ತೇನೆ.

ದಾನಿ

*

ಮದೀನತ್ ಜಾಯೆದ್
3 ಮೇ 2025

ದಾನವ್ವ,

ಆಣೆ ಹಾಕಿದ ಮೇಲೆ ಮುಚ್ಚಿಡಲಾಗುವುದಿಲ್ಲ. ನನ್ನ ಕೊರಳಲ್ಲಿ ಲಿಂಗವಿಲ್ಲ.

ಜನವರಿ ಹನ್ನೆರಡು, ಭಾನುವಾರ. ಕ್ಯಾಂಪಿನವರೆಲ್ಲ ಆ ದಿಬ್ಬಕ್ಕೆ ಹೋಗಿದ್ದೆವು. ಕಾರು ಮರಳಿನಲ್ಲಿ ಹೂತಿತು. ನಾನು ಚಕ್ರದ ಕೆಳಗೆ ಮಲಗಿ ಕೈಯಿಂದ ಮರಳು ತೋಡಿದೆ, ಆಮೇಲೆ ಹೆಗಲು ಕೊಟ್ಟು ನೂಕಿದೆ. ಬೆಳಗಿನ ಪೂಜೆಯಲ್ಲಿ ಕೈಯಲ್ಲಿತ್ತು. ಸಂಜೆ ಸ್ನಾನಕ್ಕೆ ಅಂಗಿ ತೆಗೆದಾಗ ಹರಿದ ಶಿವದಾರದ ಒಂದು ತುಂಡು ಹೆಗಲ ಮೇಲಿತ್ತು. ಲಿಂಗವಿದ್ದ ಬೆಳ್ಳಿ ಕರಡಿಗೆ ಇರಲಿಲ್ಲ. ಅಂಗಿ, ಪ್ಯಾಂಟು, ಜಾಕೆಟ್ಟು ಎಲ್ಲ ಕೊಡವಿದೆ. ಏನೂ ಬೀಳಲಿಲ್ಲ.

ಆ ಕರಡಿಗೆ ಯಾವುದೆಂದು ನಿನಗೆ ಗೊತ್ತು. ಅಪ್ಪನನ್ನು ಮಣ್ಣು ಮಾಡುವಾಗ ಅವನ ಲಿಂಗ ಅವನ ಅಂಗೈಯಲ್ಲೇ ಹೋಯಿತು. ಬರಿದಾದ ಬೆಳ್ಳಿ ಕರಡಿಗೆಯನ್ನು ಅವ್ವ ತೊಳೆದು, ಅದರಲ್ಲಿ ನನ್ನ ಲಿಂಗವಿಟ್ಟು ಕಟ್ಟಿದಳು. “ಇದು ಕೊರಳಾಗ ಇಲ್ಲದ ಅನ್ನ ಮುಟ್ಟಬ್ಯಾಡ ಮುರುಗ್ಯಾ” ಅಂದಳು. ನಾನು ಹೂಂ ಅಂದೆ. ಆ ಹೂಂ ಒಂದನ್ನೇ ಕಾಯುತ್ತಿದ್ದೇನೆ. ಊರಿನಿಂದ ಬೇರೆ ಲಿಂಗ ತರಿಸಬಹುದು, ಗೊತ್ತು. ಆದರೆ ನನ್ನದು ಅಲ್ಲಿ ಎಲ್ಲೋ ಕಾರು ಹಾಯುವ ಮರಳಿನ ಕೆಳಗೆ ಬಿದ್ದಿರುವಾಗ ಇನ್ನೊಂದನ್ನು ಕಟ್ಟಿಕೊಳ್ಳಲು ನನ್ನಿಂದಾಗದು.

ಅವ್ವ ಬೈಲಹೊಂಗಲದಿಂದ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ. “ಉಂಡ್ಯೇನು?” ಎನ್ನುತ್ತಾಳೆ. ಉಂಡೆ ಎನ್ನುತ್ತೇನೆ. ಈ ಸುಳ್ಳು ಹಸಿವಿಗಿಂತ ಹೆಚ್ಚು ಸುಡುತ್ತದೆ.

ಯಂತ್ರಕ್ಕೆ ಬೆಳ್ಳಿಯ ಸದ್ದು ಬೇರೆ ಎಂದು ನಾರ್ಬರ್ಟ್ ಹೇಳಿಕೊಟ್ಟಿದ್ದಾನೆ. ಈಗ ನಿದ್ದೆಯಲ್ಲೂ ಕಿವಿ ಅದನ್ನೇ ಕಾಯುತ್ತದೆ. ದಿಬ್ಬಕ್ಕೆ ಗಸ್ತಿನವರು ಎರಡು ಸಲ ಬಂದು, ಯಂತ್ರಕ್ಕೆ ಪರ್ಮಿಟ್ ಎಲ್ಲಿ ಎಂದು ಕೇಳಿದ್ದಾರೆ. ಖಲಾಸ್, ಇನ್ನು ಬರಬೇಡ ಅಂದಿದ್ದಾರೆ. ಆದರೂ ನಾಳೆ ಹೋಗುತ್ತೇನೆ.

ನೀನು ಅಸ್ತರಿನ ಮಾತು ಬರೆದಿದ್ದೆಯಲ್ಲ, ಅದು ತಡವಾಗಿ ತಲೆಗೆ ಹೊಳೆಯಿತು. ಜಾಕೆಟ್ಟಿನ ಅಂಚು ಒಮ್ಮೆ ಹಿಸುಕಿ ನೋಡು ತಂಗಿ.

ಮುರುಗೆಪ್ಪ

*

ಅಲ್ ಕುಸೈಸ್
18 ಮೇ 2025

ಅಣ್ಣಾ, ಅಣ್ಣಾ, ಸಿಕ್ಕಿತು!

ಜಾಕೆಟ್ಟಿನಲ್ಲೇ ಇತ್ತು ನೋಡು. ಅಸ್ತರಿನೊಳಗೆ, ಎಡಗಡೆ ಅಂಚಿನಲ್ಲಿ, ನಾನು ಹೇಳಿದ್ದ ಹಾಗೇ. ದಾರ ಹರಿದಾಗ ಒಳಜೇಬಿಗೆ ಬಿದ್ದು ಕೆಳಗೆ ಜಾರಿದೆ. ಬೇಗ ಬರೆಯಬೇಕಿತ್ತು, ಶಿವಾನಿಗೆ ಜ್ವರ ಬಂದು ಒಂದು ವಾರ ಹೋಯಿತು. ಜಾಕೆಟ್ಟು ಬಿಚ್ಚುವಾಗ ಪೂರಾ ಸೀಳಿಹೋಯಿತು, ಎಸೆದೆ. ಅದರ ಮಾತು ಬಿಡು.

ಕರಡಿಗೆಯನ್ನು ಹೊಸ ಶಿವದಾರ ಹಾಕಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗೆ ಬೇರೆಯಾಗಿ ಇಟ್ಟಿದ್ದೇನೆ. ಲಿಂಗ ಒಳಗೇ ಇದೆ. ಹೆಚ್ಚು ತೆರೆದು ನೋಡಲು ಹೋಗಬೇಡ. ಪೂಜೆ ಮಾಡು, ಉಣ್ಣು. ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ ಎಲ್ಲ ಇದೆ. ದಮ್ಮಯ್ಯ, ಈ ಸಲ ನೀನೇ ಉಣ್ಣು. ದಿಬ್ಬದ ಕಡೆ ತಲೆ ಹಾಕಬೇಡ.

ದಾನಿ

*

ಮದೀನತ್ ಜಾಯೆದ್
24 ಮೇ 2025

ದಾನವ್ವ,

ಭಾನುವಾರ ಸಂಜೆಯೇ ಡಬ್ಬಿ ಬಂತು. ಸ್ನಾನ ಮಾಡಿ, ವಿಭೂತಿ ಹಚ್ಚಿ, ಎಡಗೈ ಚಾಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಇಟ್ಟುಕೊಂಡ ಕ್ಷಣವೇ ಗೊತ್ತಾಯಿತು.

ನನ್ನದರ ಪೀಠದ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದೆ, ಸಣ್ಣವನಿದ್ದಾಗ ಬಚ್ಚಲಕಲ್ಲಿನ ಮೇಲೆ ಬೀಳಿಸಿದ್ದು. ಮೂವತ್ತೈದು ವರ್ಷ ದಿನಾ ಬೆಳಗ್ಗೆ ಆ ಚಕ್ಕೆ ನನ್ನ ಹೆಬ್ಬೆರಳಿಗೆ ತಾಕಿದೆ. ಇದು ನುಣ್ಣಗಿದೆ. ನಿನ್ನ ದೇವರ ಜಗಲಿಯ ಕರ್ಪೂರದ ವಾಸನೆ ಇದೆ. ಕರಡಿಗೆ ಅಪ್ಪನದೇ, ಅದರಲ್ಲಿ ಸಂಶಯವಿಲ್ಲ. ಆದರೆ ಅದರ ತಳದಲ್ಲಿ ಬೆಲೆಚೀಟಿ ಕಿತ್ತ ಅಂಟು ಇನ್ನೂ ಇದೆ. ನೀನು ಉಗುರಿನಿಂದ ಕೆರೆದಿದ್ದೀ, ಪೂರಾ ಹೋಗಿಲ್ಲ.

ಸಿಟ್ಟಿಲ್ಲ. ನಿನ್ನ ಲಿಂಗವನ್ನು ಅದೇ ಬಟ್ಟೆಯಲ್ಲಿ ಸುತ್ತಿ ವಾಪಸ್ಸು ಕಳಿಸಿದ್ದೇನೆ. ನಿನ್ನದು ನಿನಗೇ ಇರಬೇಕು. ರೊಟ್ಟಿಯನ್ನು ಮಾತ್ರ ಈ ಸಲ ಯಾರಿಗೂ ಕೊಟ್ಟಿಲ್ಲ. ಡಬ್ಬಿ ಕಪಾಟಿನಲ್ಲಿದೆ. ಎಣಗಾಯಿ ಹಳಸಿತು, ರೊಟ್ಟಿ ಕೆಡುವುದಿಲ್ಲ.

ಎರಡು ಪ್ರಶ್ನೆ ಇವೆ. ನನ್ನದು ಎಲ್ಲಿ? ನಿನ್ನದನ್ನು ನನಗೆ ಕಳಿಸಿ ಈ ವಾರವೆಲ್ಲ ನೀನು ಏನು ತಿಂದೆ?

ಮುರುಗೆಪ್ಪ

*

ಅಲ್ ಕುಸೈಸ್
1 ಜೂನ್ 2025

ಅಣ್ಣಾ,

ನಿನ್ನ ಜಾಕೆಟ್ಟನ್ನು ನಾನು ಹೊಲಿಯಲೇ ಇಲ್ಲ. ಮಾರ್ಚಿನಲ್ಲಿ ಎರಡು ಚೀಲ ಕೊಟ್ಟೆ ಎಂದು ಬರೆದಿದ್ದೆನಲ್ಲ, ಅದೂ ಅದರಲ್ಲಿತ್ತು. ಮಡಚುವಾಗ ಒಂದು ಕಡೆ ಭಾರ ಎನಿಸಿತು. ನಿನ್ನ ನಟ್ಟು ಬೋಲ್ಟು ಇರಬೇಕೆಂದುಕೊಂಡು ಚೀಲಕ್ಕೆ ತುರುಕಿದೆ. ಊರವರ ಕೋಟಿನ ಅಂಚು ಹಿಸುಕುವ ನಾನು ನಮ್ಮದೇ ಬಟ್ಟೆಯ ಅಂಚು ಹಿಸುಕಲಿಲ್ಲ.

ಲಿಂಗ ಕಳೆದದ್ದು ಬರೆದ ನಿನ್ನ ಪತ್ರ ಓದಿ ಅಂಗಡಿಗೆ ಓಡಿದೆ. ಜಾಕೆಟ್ಟು ಯಾವಾಗಲೋ ಮಾರಾಟವಾಗಿತ್ತು. ಅತ್ತುಕೊಂಡು ಸಫೀನಾಗೆ ಹೇಳುತ್ತಿದ್ದಾಗ ಅವಳು ಗಾಜಿನ ಕಪಾಟು ತೆರೆದು, “ಇದಾ ಅಕ್ಕಾ? ಆ ಜಾಕೆಟ್ಟಿನ ಅಸ್ತರಲ್ಲಿ ಸಿಕ್ಕಿದ್ದು” ಎಂದು ಕರಡಿಗೆ ತೆಗೆದಿಟ್ಟಳು. ಥಳಥಳ ಹೊಳೆಯುತ್ತಿತ್ತು. ತೆರೆದರೆ ಒಳಗೆ ಏನೂ ಇಲ್ಲ. “ಅದರೊಳಗೆ ಕಪ್ಪು ಮೇಣದ ಉಂಡೆಯ ಹಾಗೆ ಒಂದಿತ್ತು ಅಕ್ಕಾ. ಕೊಳೆ ಅಂತ ತೆಗ್ದು ಬಿಸಾಡಿದೆ. ಡಬ್ಬಿ ಮಾತ್ರ ತೊಳ್ದು ಇಟ್ಟದ್ದು” ಅಂದಳು. ಅದು ಏನೆಂದು ನಾನು ಹೇಳಿದಾಗ ಅವಳ ಮುಖ ಕಪ್ಪಿಟ್ಟಿತು. ಹಿಂದಿನ ಕಸದ ಡಬ್ಬಿಯವರೆಗೂ ಕೈಹಿಡಿದು ಕರೆದುಕೊಂಡು ಹೋದಳು. ಎರಡು ತಿಂಗಳ ಹಿಂದಿನ ಕಸ ಎಲ್ಲಿ ಇರುತ್ತದೆ? ಅವಳ ತಪ್ಪೇನಿಲ್ಲ. ಅದಾದ ಮೇಲೂ ಎರಡು ಬುಧವಾರ ಹೋಗಿ ಅವರ ಗೋಡೌನಿನ ಚೀಲಗಳನ್ನೆಲ್ಲ ಸುರಿದು ನೋಡಿದೆ. ಶಿವಾನಿಯ ಜ್ವರ ಸುಳ್ಳು.

ಎರಡು ತಿಂಗಳಲ್ಲಿ ಎಷ್ಟು ಸಲ ಆ ಕಪಾಟಿನ ಮುಂದೆ ಓಡಾಡಿದ್ದೇನೆ ಅಣ್ಣಾ! ಕಣ್ಣೆತ್ತಿ ನೋಡಲಿಲ್ಲ. ನನ್ನ ವಿದ್ಯೆ ನೋಡು.

ನಾನು ದಿನಾ ಪೂಜೆ ಮಾಡುವವಳಲ್ಲ, ನಿನಗೆ ಗೊತ್ತು. ನನ್ನ ಲಿಂಗ ಜಗಲಿಯ ಮೇಲೇ ಇರುತ್ತಿತ್ತು. ಅದಿಲ್ಲದೆ ನನಗೇನಾಗುತ್ತದೆ, ಅಣ್ಣನಿಗೆ ಆಗಲಿ ಎಂದು ಕಳಿಸಿದೆ. ಕಳಿಸಿದ ಮರುದಿನ ತಾಟಿನ ಮುಂದೆ ಕೂತರೆ ತುತ್ತು ಇಳಿಯಲಿಲ್ಲ. ಏನು ತಿಂದೆ ಎಂದು ಕೇಳಿದ್ದೀ. ಹಾಲು, ಬಾಳೆಹಣ್ಣು. ನಿನ್ನ ಹಾಗೆಯೇ.

ಬಯ್ಯಿ. ಬಯ್ದು ಬರೆ. ಸುಮ್ಮನಿರಬೇಡ. ಕಪಾಟಿನಲ್ಲಿರುವ ರೊಟ್ಟಿ ಇನ್ನು ನಿನಗೆ ಬೇಡವಾದರೆ ಎಸೆದುಬಿಡು.

ದಾನಿ

*

ಮದೀನತ್ ಜಾಯೆದ್
7 ಜೂನ್ 2025

ದಾನವ್ವ,

ನಿನ್ನ ಪತ್ರ ಓದಿ ಬಯ್ಯಲು ಕೂತೆ, ಬರಲಿಲ್ಲ. ಐದು ತಿಂಗಳು ನಾನು ಜಾಕೆಟ್ಟು ಬಿಟ್ಟು ಮರಳು ಹುಡುಕಿದೆ, ಅಷ್ಟೇ. ಜನವರಿಯಲ್ಲೇ ನಿನಗೆ ಹೇಳಿದ್ದರೆ ಜಾಕೆಟ್ಟು ನಿನ್ನ ಕೈಗೆ ಬಂದ ದಿನವೇ ಸಿಗುತ್ತಿತ್ತು. ಇದರಲ್ಲಿ ಅರ್ಧ ನನ್ನದು.

ಬುಧವಾರ ನಾನೇ ಅವ್ವನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ನಿನ್ನ ಜಾಕೆಟ್ಟಿನ ಮಾತೊಂದು ಬಿಟ್ಟು. ಎಲ್ಲ ಕೇಳಿ ಅವಳು “ಉಂಡ್ಯೇನು?” ಅಂದಳು. ಐದು ತಿಂಗಳಲ್ಲಿ ಮೊದಲ ಸಲ ‘ಇಲ್ಲವ್ವ’ ಅಂದೆ. “ಮದಲ ಉಣ್ಣು. ಆಮ್ಯಾಲೆ ಇಬ್ರೂ ಅಳೂಣು” ಅಂದಳು.

ಯಂತ್ರವನ್ನು ನಾರ್ಬರ್ಟನಿಗೆ ವಾಪಸ್ಸು ಕೊಟ್ಟಿದ್ದೇನೆ. ಅಪ್ಪನ ಕರಡಿಗೆ ಖಾಲಿಯಾಗಿಯೇ ಕೊರಳಲ್ಲಿದೆ. ಆಗಸ್ಟಿನ ರಜೆಯಲ್ಲಿ ಊರಿಗೆ ಹೋಗಿ ಸ್ವಾಮಿಗಳ ಎದುರು ಕೂರುತ್ತೇನೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ರಾತ್ರಿ ಮಗ್ಗುಲು ಬದಲಿಸಿದಾಗ ಅದು ಹಗುರವಾಗಿ ಎದೆಗೆ ತಾಕುತ್ತದೆ, ಎಚ್ಚರವಾಗುತ್ತದೆ. ಆ ದುಃಖ ಇದೆ, ಇರಲಿ.

ನಿನ್ನ ಲಿಂಗ ನಿನ್ನ ಕೈ ಸೇರಿದೆ. ಇನ್ನು ನೀನು ಹಾಲು ಬಾಳೆಹಣ್ಣು ಎಂದು ಕೂತರೆ ನಾನೇ ವ್ಯಾನ್ ಹತ್ತಿ ಬರುತ್ತೇನೆ.

ಕಪಾಟಿನಿಂದ ಡಬ್ಬಿ ತೆಗೆದೆ. ರೊಟ್ಟಿ ಮೂರು ವಾರದ್ದು, ಕಟಕಟ ಅನ್ನುತ್ತಿದ್ದವು, ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡೆ. ಎರಡು ತಿಂದೆ. ಗುರೆಳ್ಳು ಚಟ್ನಿಗೆ ಉಪ್ಪು ಜಾಸ್ತಿಯಾಗಿದೆ. ಮುಂದಿನ ಸಲ ನೋಡಿ ಹಾಕು.

ಮುರುಗೆಪ್ಪ